ಗಲ್ಫ್‌ನ ಆರು ದೇಶಗಳ ಹಣದುಬ್ಬರವನ್ನು ಹೋಲಿಸುವುದು ಹೇಗೆ?

2023ರ ವಾರ್ಷಿಕ ಸರಾಸರಿ ಹಣದುಬ್ಬರ ನೋಡಿ: ಬಹ್ರೇನ್ ಶೇ. 0.1, ಒಮಾನ್ ಶೇ. 0.9, ಯುಎಇ ಶೇ. 1.6, ಸೌದಿ ಅರೇಬಿಯಾ ಶೇ. 2.3, ಕತಾರ್ ಶೇ. 3, ಕುವೈತ್ ಶೇ. 3.6. ಆರೂ ದೇಶಗಳು ಎಣ್ಣೆ ಅಥವಾ ಅನಿಲ ಮಾರಿ ಬೊಕ್ಕಸ ತುಂಬಿಸಿಕೊಳ್ಳುವಂಥವು. ಅಕ್ಕಿ, ಈರುಳ್ಳಿ, ಕಾರು, ಔಷಧಿ ಹೆಚ್ಚುಪಾಲು ಹೊರಗಿನಿಂದಲೇ ಬರಬೇಕು. ಐದು ದೇಶಗಳ ನಾಣ್ಯ ಡಾಲರಿಗೆ ಕಟ್ಟಿಕೊಂಡಿದೆ, ಅಂದರೆ ಡಾಲರಿನೊಂದಿಗೆ ಅದರ ವಿನಿಮಯ ದರ ಕದಲದಂತೆ ಹಿಡಿದಿಟ್ಟಿದ್ದಾರೆ. ಕೊಲ್ಲಿ ಸಹಕಾರ ಮಂಡಳಿ ಎಂಬ ಒಂದೇ ಕೂಟದಲ್ಲಿ 1981ರಿಂದಲೂ ಒಟ್ಟಿಗಿವೆ. ಹೀಗಿದ್ದೂ ಬೆಲೆಗಳು ಏರುವ ವೇಗ ಒಂದೊಂದು ಕಡೆ ಒಂದೊಂದು ತೆರ.

ಈ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕಾದವರು ಅರ್ಥಶಾಸ್ತ್ರಜ್ಞರು ಮಾತ್ರವಲ್ಲ. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಸಾವಿರಾರು ಮನೆಗಳ ಖರ್ಚು ನಡೆಯುವುದು ಈ ಆರು ದೇಶಗಳ ಸಂಬಳದಿಂದ. ದುಬೈನಲ್ಲಿರುವವರಿಗೆ ರಿಯಾದ್‌ನಿಂದ ಕೆಲಸದ ಕರೆ ಬರುತ್ತದೆ, ದೋಹಾದಲ್ಲಿರುವವರು ಕುಟುಂಬವನ್ನು ಕರೆಸಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಾರೆ. ಆಗ ಪತ್ರಿಕೆಯಲ್ಲಿ ಬಂದ ಒಂದು ಶೇಕಡಾವಾರು ಸಂಖ್ಯೆಯನ್ನು ನಂಬಿ ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ. ಅಕ್ಕಪಕ್ಕದ ಈ ದೇಶಗಳ ನಡುವಿನ ಅಂತರ ಬಹುಮಟ್ಟಿಗೆ ಹುಟ್ಟುವುದು ಮೂರು ಕಡೆ: ಮನೆ ಬಾಡಿಗೆ, ತೆರಿಗೆ, ಸರ್ಕಾರ ಹಿಡಿದಿಟ್ಟ ಅಥವಾ ಬಿಟ್ಟುಕೊಟ್ಟ ಬೆಲೆಗಳು. ಮೂರನ್ನೂ ಬಿಡಿಸಿ ನೋಡುವ ಕ್ರಮ ಇಲ್ಲಿದೆ. ಒಂದು ಕಾಗದ, ಒಂದು ಕ್ಯಾಲ್ಕುಲೇಟರ್, ನಿಮ್ಮ ಮೂರು ತಿಂಗಳ ಖರ್ಚಿನ ಪಟ್ಟಿ ಇದ್ದರೆ ಸಾಕು.

ಹಂತ 1: ಬೆಲೆಯ ಮಟ್ಟ ಬೇರೆ, ಏರಿಕೆಯ ದರ ಬೇರೆ

ಮೊದಲ ತಪ್ಪು ಆಗುವುದೇ ಇಲ್ಲಿ. ಬಹ್ರೇನಿನಲ್ಲಿ ಹಣದುಬ್ಬರ ಶೇ. 0.1 ಎಂದರೆ ಬಹ್ರೇನ್ ಅಗ್ಗ ಎಂದಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಅಲ್ಲಿನ ಬೆಲೆಗಳು ಸರಾಸರಿಯಲ್ಲಿ ಹೆಚ್ಚೇನೂ ಬದಲಾಗಿಲ್ಲ ಎಂದಷ್ಟೇ ಅರ್ಥ. ಹೋದ ವರ್ಷವೇ ದುಬಾರಿಯಾಗಿದ್ದರೆ ಈ ವರ್ಷವೂ ಅಷ್ಟೇ ದುಬಾರಿ.

ಇದಕ್ಕೆ ತಕ್ಕ ಉದಾಹರಣೆ ಸೌದಿ ಅರೇಬಿಯಾ ವಿದೇಶಿ ಕೆಲಸಗಾರರ ಅವಲಂಬಿತರ ಮೇಲೆ ಹಾಕಿರುವ ಶುಲ್ಕ. 2017ರ ಜುಲೈನಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಎಂದು ಶುರುವಾಗಿ ವರ್ಷಕ್ಕೆ ನೂರರಂತೆ ಏರುತ್ತ 2020ರಲ್ಲಿ 400 ರಿಯಾಲಿಗೆ ಬಂದು ನಿಂತಿತು. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿದ್ದರೆ ತಿಂಗಳಿಗೆ 1,200 ರಿಯಾಲ್, ವರ್ಷಕ್ಕೆ 14,400. ಇಕಾಮಾ (ವಾಸದ ಪರವಾನಗಿ) ನವೀಕರಣದ ಹೊತ್ತಿಗೆ ಈ ಮೊತ್ತವನ್ನು ಮುಂಗಡವಾಗಿ ಕಟ್ಟಬೇಕು. ಶುಲ್ಕ 400ರಲ್ಲೇ ನಿಂತಿರುವುದರಿಂದ ಯಾವ ಏರಿಕೆ ದರದಲ್ಲೂ ಅದರ ಸುಳಿವು ಸಿಗುವುದಿಲ್ಲ. ಜೇಬಿನಿಂದ ಮಾತ್ರ ಪ್ರತಿವರ್ಷ ಹೋಗುತ್ತಲೇ ಇರುತ್ತದೆ.

ಆದ್ದರಿಂದ ಕಾಗದದಲ್ಲಿ ಎರಡು ಅಂಕಣ ಹಾಕಿ. ಎಡಗಡೆ ಈಗ ಆಗುವ ಖರ್ಚು, ಬಲಗಡೆ ಅದು ಏರುವ ವೇಗ. ಹಣದುಬ್ಬರದ ಸುದ್ದಿಯಿಂದ ತುಂಬಬಹುದಾದ್ದು ಬಲಗಡೆಯ ಅಂಕಣವನ್ನು ಮಾತ್ರ.

ಹಂತ 2: ಒಂದೇ ಬಗೆಯ ಅಂಕಿಗಳನ್ನು ಪಕ್ಕಪಕ್ಕ ಇಡಿ

ಸೌದಿಯ ಅಂಕಿಗಳು ಅಲ್ಲಿನ ಸಾಂಖ್ಯಿಕ ಪ್ರಾಧಿಕಾರದಿಂದ ಬರುತ್ತವೆ. ಒಮಾನಿನಲ್ಲಿ ರಾಷ್ಟ್ರೀಯ ಅಂಕಿಅಂಶ ಮತ್ತು ಮಾಹಿತಿ ಕೇಂದ್ರ, ಕುವೈತಿನಲ್ಲಿ ಕೇಂದ್ರ ಸಾಂಖ್ಯಿಕ ಬ್ಯೂರೋ, ಕತಾರಿನಲ್ಲಿ ರಾಷ್ಟ್ರೀಯ ಯೋಜನಾ ಮಂಡಳಿ, ಬಹ್ರೇನಿನಲ್ಲಿ ಮಾಹಿತಿ ಮತ್ತು ಇ-ಸರ್ಕಾರ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತವೆ. ಯುಎಇಯಲ್ಲಿ ಇಡೀ ಒಕ್ಕೂಟದ ಬೆಲೆ ಸೂಚ್ಯಂಕವೂ ಇದೆ, ದುಬೈ ಮತ್ತು ಅಬುಧಾಬಿಯ ಪ್ರತ್ಯೇಕ ಸೂಚ್ಯಂಕಗಳೂ ಇವೆ. ಇವು ಒಂದೇ ದಿಕ್ಕಿಗೆ ಹೋಗಬೇಕೆಂದೇನೂ ಇಲ್ಲ. ಕೆಲಸ ದುಬೈನಲ್ಲಾದರೆ ದುಬೈನ ಅಂಕಿಯನ್ನೇ ತೆಗೆದುಕೊಳ್ಳಿ. ಆರೂ ದೇಶಗಳನ್ನು ಒಂದೇ ಪಟ್ಟಿಯಲ್ಲಿ ನೋಡಬೇಕಾದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹೊರತರುವ ವಾರ್ಷಿಕ ಸರಾಸರಿಗಳು ಅನುಕೂಲ.

ಬರೆದುಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿದ ಏರಿಕೆಯೇ, ಹೋದ ತಿಂಗಳಿಗೆ ಹೋಲಿಸಿದ್ದೇ, ಇಡೀ ವರ್ಷದ ಸರಾಸರಿಯೇ? ಎರಡೂ ದೇಶಗಳದ್ದು ಒಂದೇ ತಿಂಗಳಿನದೇ? ಆಧಾರ ವರ್ಷ, ಅಂದರೆ ಬೆಲೆಗಳನ್ನು ಹೋಲಿಸಲು ಮೂಲವಾಗಿ ಇಟ್ಟುಕೊಂಡ ವರ್ಷ, ನಡುವೆ ಬದಲಾಗಿದೆಯೇ? ಆಧಾರ ವರ್ಷ ಬದಲಾದಾಗ ಯಾವ ವಸ್ತುವಿಗೆ ಎಷ್ಟು ತೂಕ (ಒಟ್ಟು ಖರ್ಚಿನಲ್ಲಿ ಅದರ ಪಾಲು) ಎಂಬುದೂ ಬದಲಾಗುತ್ತದೆ. ಹಳೆಯ ಸರಣಿಯ ತೂಕವನ್ನು ಹೊಸ ಸರಣಿಯ ದರಕ್ಕೆ ಹಚ್ಚಬಾರದು. ಸೌದಿ 2025ರಲ್ಲಿ ಆಧಾರ ವರ್ಷವನ್ನು 2018ರಿಂದ 2023ಕ್ಕೆ ತಂದಿದೆ, ಹಾಗಾಗಿ ಅಲ್ಲಿನ ಹಳೆಯ ಲೇಖನಗಳ ತೂಕಗಳನ್ನು ಈಗಿನ ದರಗಳೊಂದಿಗೆ ಬೆರೆಸಬೇಡಿ.

ಹಂತ 3: ನಾಣ್ಯ ಎಲ್ಲಿ ಕಟ್ಟಿದೆ ಎಂದು ನೋಡಿ

ಒಂದು ಡಾಲರಿಗೆ 3.75 ಸೌದಿ ರಿಯಾಲ್, 3.6725 ದಿರ್ಹಮ್, 3.64 ಕತಾರಿ ರಿಯಾಲ್, 0.376 ಬಹ್ರೇನಿ ದಿನಾರ್, ಸುಮಾರು 0.3845 ಒಮಾನಿ ರಿಯಾಲ್. ಇವು ದಶಕಗಳಿಂದ ಕದಲಿಲ್ಲ. ಸೌದಿಯ 3.75 ಇರುವುದು 1986ರಿಂದ. ಆರರಲ್ಲಿ ಕುವೈತ್ ಒಂದೇ ಬೇರೆ: 2003ರಿಂದ ಡಾಲರಿಗೆ ಕಟ್ಟಿಕೊಂಡಿದ್ದ ದಿನಾರನ್ನು 2007ರ ಮೇ ತಿಂಗಳಲ್ಲಿ ಬಿಡಿಸಿ ಹಲವು ನಾಣ್ಯಗಳ ಗೊಂಚಲಿಗೆ ಕಟ್ಟಿತು. ಗೊಂಚಲಿನಲ್ಲಿ ಯಾವ ನಾಣ್ಯಕ್ಕೆ ಎಷ್ಟು ಪಾಲು ಎಂಬುದನ್ನು ಹೇಳುವುದಿಲ್ಲ. ಆಗ ಡಾಲರ್ ಕುಸಿಯುತ್ತಿತ್ತು, ಯೂರೋಪು ಮತ್ತು ಏಷ್ಯಾದಿಂದ ಬರುವ ಸರಕು ದಿನಾರಿನಲ್ಲಿ ದುಬಾರಿಯಾಗುತ್ತಿತ್ತು. ಅದನ್ನು ತಡೆಯಲೆಂದೇ ಆ ಕ್ರಮ.

ಡಾಲರಿಗೆ ಕಟ್ಟಿಕೊಂಡದ್ದರ ಲಾಭವೂ ಇದೆ, ಬೆಲೆಯೂ ಇದೆ. ಡಾಲರ್ ಬಲಗೊಂಡಾಗ ಆಮದು ಅಗ್ಗವಾಗುತ್ತದೆ. 2022ರಲ್ಲಿ ಅಮೆರಿಕದ ಹಣದುಬ್ಬರ ಶೇ. 8ರ ಹತ್ತಿರವಿದ್ದಾಗ ಈ ಆರು ದೇಶಗಳಲ್ಲಿ ಅತಿ ಹೆಚ್ಚಿದ್ದ ಕತಾರಿನಲ್ಲಿ ಶೇ. 5 ಇದ್ದುದಕ್ಕೆ ಇದೂ ಒಂದು ಕಾರಣ. ತೆರಬೇಕಾದ ಬೆಲೆಯೆಂದರೆ ಬಡ್ಡಿದರ ತಮ್ಮ ಕೈಯಲ್ಲಿ ಇಲ್ಲದಿರುವುದು. 2007–08ರಲ್ಲಿ ಎಣ್ಣೆ ಬೆಲೆ ಗಗನಕ್ಕೇರಿ ದೋಹಾ, ದುಬೈಗಳಲ್ಲಿ ಕ್ರೇನುಗಳು ತುಂಬಿಕೊಂಡಿದ್ದವು. ಅಮೆರಿಕವೋ ತನ್ನ ಮನೆಸಾಲದ ಬಿಕ್ಕಟ್ಟಿಗಾಗಿ ಬಡ್ಡಿಯನ್ನು ಶೇ. 5.25ರಿಂದ 2008ರ ಏಪ್ರಿಲ್ ಹೊತ್ತಿಗೆ ಶೇ. 2ಕ್ಕೆ ಇಳಿಸಿತ್ತು. ಗಲ್ಫ್ ಬ್ಯಾಂಕುಗಳೂ ಅದೇ ಹಾದಿ ಹಿಡಿಯಬೇಕಾಯಿತು. ಉರಿಯುವ ಒಲೆಗೆ ಇನ್ನಷ್ಟು ಸೌದೆ ತುರುಕಿದ ಹಾಗಾಯಿತು. 2008ರಲ್ಲಿ ಕತಾರಿನ ಹಣದುಬ್ಬರ ಸುಮಾರು ಶೇ. 15, ಯುಎಇ ಮತ್ತು ಒಮಾನಿನದು ಶೇ. 12ರ ಆಸುಪಾಸು, ಸೌದಿಯದು ಶೇ. 10ರ ಹತ್ತಿರ. ಅದೇ ವರ್ಷ ಬಹ್ರೇನಿನಲ್ಲಿ ಮಾತ್ರ ಶೇ. 3.5. ನಾಣ್ಯದ ಕಟ್ಟು ಒಂದೇ, ಫಲ ಇಷ್ಟು ಬೇರೆ. ಹೀಗಾಗಿ ನಾಣ್ಯವೊಂದನ್ನೇ ನೋಡಿ ಉತ್ತರ ಹುಡುಕಲಾಗದು.

ನಾಣ್ಯದ ಕಟ್ಟು ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೀರಿನಾಚೆಯ ಇರಾನ್ ಸಾಕ್ಷಿ. ಅದೂ ದೊಡ್ಡ ಎಣ್ಣೆ ರಾಷ್ಟ್ರವೇ. 2018ರಲ್ಲಿ ಅಮೆರಿಕದ ನಿರ್ಬಂಧಗಳು ಮರಳಿದ ಮೇಲೆ ಡಾಲರ್ ಒಳಬರುವ ದಾರಿ ಕಟ್ಟಿತು, ಇರಾನಿನ ರಿಯಾಲ್ ಕುಸಿಯಿತು, 2020ರ ದಶಕದ ಮೊದಲ ವರ್ಷಗಳಲ್ಲಿ ಹಣದುಬ್ಬರ ಶೇ. 40ರ ಮೇಲೇ ಕೂತಿತು. ನೆಲದಡಿ ಎಣ್ಣೆ ಇದ್ದಮಾತ್ರಕ್ಕೆ ಬೆಲೆಗಳು ನಿಲ್ಲುವುದಿಲ್ಲ. ಆ ಎಣ್ಣೆ ಮಾರಿದ ಡಾಲರ್ ಕೇಂದ್ರ ಬ್ಯಾಂಕಿನ ಕೈಗೆ ಬರಬೇಕು.

ಹಂತ 4: ಬಾಡಿಗೆಯನ್ನು ಬೇರ್ಪಡಿಸಿ

ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ, ಏಕೆಂದರೆ ಅಂತರದ ದೊಡ್ಡ ಪಾಲು ಇಲ್ಲೇ ಅಡಗಿದೆ. ಭಾರತದ ಗ್ರಾಹಕ ಬೆಲೆ ಸೂಚ್ಯಂಕದ 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ಶೇ. 45.86 ತೂಕವಿತ್ತು. ಟೊಮೆಟೊ ಬೆಲೆ ಏರಿದರೆ ಹಣದುಬ್ಬರ ಏರುತ್ತದೆ ಎಂದು ನಾವೆಲ್ಲ ಕಲಿತದ್ದು ಆ ಲೆಕ್ಕದಿಂದ. ಗಲ್ಫ್‌ನಲ್ಲಿ ಟೊಮೆಟೊ ಜಾಗದಲ್ಲಿ ಬಾಡಿಗೆ ಕೂತಿದೆ. ಸೌದಿಯ 2018ರ ಸರಣಿಯಲ್ಲಿ ವಸತಿ, ನೀರು, ವಿದ್ಯುತ್ ಗುಂಪಿಗೆ ಶೇ. 25.5, ಆಹಾರಕ್ಕೆ ಶೇ. 18.8. ಕುವೈತಿನಲ್ಲಿ ವಸತಿ ಸರಿಸುಮಾರು ಮೂರನೇ ಒಂದು ಪಾಲು. ಯುಎಇಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಕತಾರಿನಲ್ಲಿ ಐದನೇ ಒಂದು ಪಾಲಿಗಿಂತ ತುಸು ಜಾಸ್ತಿ.

ಲೆಕ್ಕದ ವಿಧಾನ ಸರಳ. ಗುಂಪಿನ ತೂಕವನ್ನು ಆ ಗುಂಪಿನ ಏರಿಕೆಯಿಂದ ಗುಣಿಸಿ ನೂರರಿಂದ ಭಾಗಿಸಿದರೆ ಒಟ್ಟು ಹಣದುಬ್ಬರಕ್ಕೆ ಅದು ಕೊಟ್ಟ ಶೇಕಡಾ ಅಂಶ ಸಿಗುತ್ತದೆ. ಸೌದಿಯಲ್ಲಿ 2024ರ ಒಟ್ಟು ಹಣದುಬ್ಬರ ಶೇ. 1.7. ಅದೇ ವರ್ಷ ವಸತಿ ಗುಂಪು ಏರಿದ್ದು ಸುಮಾರು ಶೇ. 8.8. 25.5 ಗುಣಿಸು 8.8, ಭಾಗಿಸು 100: ಸುಮಾರು 2.2. ಅಂದರೆ ವಸತಿ ಒಂದೇ 2.2 ಅಂಶ ಕೊಟ್ಟಿದೆ, ಒಟ್ಟು ಮೊತ್ತವೇ 1.7. ಉಳಿದ ಮುಕ್ಕಾಲು ಬುಟ್ಟಿಯ ಬೆಲೆ ಸರಾಸರಿಯಲ್ಲಿ ಸ್ವಲ್ಪ ಇಳಿದಿದೆ! ಸ್ವಂತ ಮನೆಯುಳ್ಳ ಸೌದಿ ಕುಟುಂಬಕ್ಕೂ ರಿಯಾದ್‌ನಲ್ಲಿ ಹೊಸದಾಗಿ ಫ್ಲ್ಯಾಟ್ ಹುಡುಕುವ ನಮ್ಮವರಿಗೂ ಆ 1.7 ಎಂಬ ಸಂಖ್ಯೆ ಸುಳ್ಳೇ. ಒಬ್ಬರ ಅನುಭವ ಅದಕ್ಕಿಂತ ಕೆಳಗೆ, ಇನ್ನೊಬ್ಬರದು ಬಹಳ ಮೇಲೆ. (ಕಾಲ ಕಳೆದಂತೆ ತೂಕಗಳೂ ಒಳಗೊಳಗೇ ಸರಿಯುವುದರಿಂದ ಈ ಗುಣಾಕಾರ ಅಂದಾಜು ಮಾತ್ರ. ಒಂದು ದಶಮಾಂಶ ಆಚೀಚೆಯಾದರೆ ಗಾಬರಿ ಬೇಡ.)

ಬಾಡಿಗೆ ಇಷ್ಟು ಏರಿಳಿಯಲು ಕಾರಣ ಜನಸಂಖ್ಯೆಯೇ ಏರಿಳಿಯುವುದು. ನಮ್ಮ ಊರುಗಳಲ್ಲಿ ಕೆಲಸ ಹೋದವನು ಊರಲ್ಲೇ ಇರುತ್ತಾನೆ, ಅಲ್ಲಿ ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಫ್ಲ್ಯಾಟ್ ಖಾಲಿಯಾಗುತ್ತದೆ. ಸೌದಿಯಲ್ಲಿ ಅವಲಂಬಿತರ ಶುಲ್ಕ ಶುರುವಾದ ಮೇಲೆ ಬಹಳಷ್ಟು ಕುಟುಂಬಗಳು ಊರಿಗೆ ಮರಳಿದವು, ಬಾಡಿಗೆ ಬಿತ್ತು, 2019ರಲ್ಲಿ ಅಲ್ಲಿನ ಹಣದುಬ್ಬರ ಸೊನ್ನೆಗಿಂತ ಕೆಳಗಿಳಿಯಿತು. ಕತಾರಿನಲ್ಲಿ 2008ರ ಶೇ. 15 ಮರುವರ್ಷವೇ ಮೈನಸ್ ಶೇ. 4.9 ಆಗಿದ್ದರ ಹಿಂದೆಯೂ ಬಾಡಿಗೆಯ ಕುಸಿತವೇ ಇತ್ತು.

ಸರಾಸರಿ ಎಷ್ಟು ಮರೆಮಾಚಬಲ್ಲದು ಎಂಬುದಕ್ಕೂ ಕತಾರ್ ಒಳ್ಳೆಯ ಪಾಠ. 2017ರ ಜೂನ್ 5ರಂದು ನೆರೆಯ ದೇಶಗಳು ಸಂಬಂಧ ಕಡಿದು ಗಡಿ ಮುಚ್ಚಿದವು. ಸೌದಿಯ ಭೂಗಡಿಯಿಂದ ಬರುತ್ತಿದ್ದ ಹಾಲು, ತರಕಾರಿ ನಿಂತಿತು, ಟರ್ಕಿಯಿಂದ, ಇರಾನಿನಿಂದ, ಒಮಾನಿನ ಬಂದರುಗಳ ಮೂಲಕ ತರಿಸಬೇಕಾಯಿತು. ಮುಂದಿನ ತಿಂಗಳು ಆಹಾರದ ಬೆಲೆ ಜಿಗಿಯಿತು. ಆದರೆ ಆ ಇಡೀ ವರ್ಷದ ಹಣದುಬ್ಬರ ಶೇ. 1ರ ಒಳಗೇ ಉಳಿಯಿತು. ಬಾಡಿಗೆ ಇಳಿಯುತ್ತಿದ್ದುದೇ ಕಾರಣ. ಕಂಪನಿ ಕೊಟ್ಟ ಕೋಣೆಯಲ್ಲಿದ್ದು ತಾನೇ ಅಡುಗೆ ಮಾಡಿಕೊಳ್ಳುವ ಕೆಲಸಗಾರನಿಗೆ ಬಾಡಿಗೆ ಇಳಿದದ್ದರಿಂದ ಏನೂ ದಕ್ಕಲಿಲ್ಲ, ಆಹಾರ ಏರಿದ್ದು ಪೂರ್ತಿ ತಟ್ಟಿತು.

ಬಾಡಿಗೆಯ ಕಾನೂನನ್ನೂ ಓದಿ. ದುಬೈನಲ್ಲಿ 2013ರ 43ನೇ ಆದೇಶದ ಪ್ರಕಾರ ನವೀಕರಣದ ವೇಳೆ ಮಾಲೀಕ ಎಷ್ಟು ಏರಿಸಬಹುದು ಎಂಬುದಕ್ಕೆ ಮೆಟ್ಟಿಲುಗಳಿವೆ. ನಿಮ್ಮ ಬಾಡಿಗೆ ಆ ಪ್ರದೇಶದ ಸೂಚ್ಯಂಕಕ್ಕಿಂತ ಶೇ. 10ರವರೆಗೆ ಕಡಿಮೆ ಇದ್ದರೆ ಏರಿಕೆಯೇ ಇಲ್ಲ. ಶೇ. 11ರಿಂದ 20 ಕಡಿಮೆ ಇದ್ದರೆ ಶೇ. 5, 21ರಿಂದ 30ಕ್ಕೆ ಶೇ. 10, 31ರಿಂದ 40ಕ್ಕೆ ಶೇ. 15, ಅದಕ್ಕಿಂತಲೂ ಕಡಿಮೆ ಇದ್ದರೆ ಶೇ. 20. ಷರತ್ತು ಬದಲಿಸುವುದಿದ್ದರೆ 90 ದಿನ ಮೊದಲೇ ತಿಳಿಸಬೇಕು. ಇದು ಹಳೆಯ ಬಾಡಿಗೆದಾರನಿಗೆ ರಕ್ಷಣೆ. ಹೊಸದಾಗಿ ಬರುವವರು ಆ ದಿನದ ಮಾರುಕಟ್ಟೆ ದರವನ್ನೇ ಕೊಡಬೇಕು. ಜೊತೆಗೆ ದುಬೈನ ನೀರು–ವಿದ್ಯುತ್ ಬಿಲ್ಲಿನಲ್ಲಿ ವಾರ್ಷಿಕ ಬಾಡಿಗೆಯ ಶೇ. 5 ವಸತಿ ಶುಲ್ಕವೆಂದು ತಿಂಗಳ ಕಂತಿನಲ್ಲಿ ಸೇರಿ ಬರುತ್ತದೆ. 60,000 ದಿರ್ಹಮ್ ಬಾಡಿಗೆಯ ಮನೆಗೆ ವರ್ಷಕ್ಕೆ 3,000, ತಿಂಗಳಿಗೆ 250. ಬಾಡಿಗೆ ಏರಿದರೆ ಇದೂ ತಾನಾಗಿ ಏರುತ್ತದೆ. ರಿಯಾದ್‌ನಲ್ಲಿ 2025ರ ಸೆಪ್ಟೆಂಬರ್ 25ರಿಂದ ಐದು ವರ್ಷ ಬಾಡಿಗೆ ಏರಿಸುವಂತಿಲ್ಲ ಎಂಬ ನಿಯಮ ಬಂದಿದೆ. ಈ ಹಿಂದೆ ಬಾಡಿಗೆಗೆ ಹೋಗಿದ್ದ ಖಾಲಿ ಮನೆಗೂ ಕೊನೆಯ ಕರಾರಿನ ಮೊತ್ತವೇ ಅನ್ವಯ. ಇದು ರಿಯಾದ್ ನಗರಕ್ಕೆ ಬಂದ ನಿಯಮ, ಜೆಡ್ಡಾ, ದಮ್ಮಾಮ್‌ಗೂ ಹೀಗೇ ಎಂದು ಎಣಿಸಿ ಕರಾರಿಗೆ ಸಹಿ ಹಾಕಬೇಡಿ.

ಹಂತ 5: ತೆರಿಗೆ ಬಂದ ತಿಂಗಳನ್ನು ಗುರುತಿಸಿ

ಮೌಲ್ಯವರ್ಧಿತ ತೆರಿಗೆ ಯುಎಇ ಮತ್ತು ಸೌದಿಯಲ್ಲಿ 2018ರ ಜನವರಿ 1ರಂದು ಶೇ. 5ರಂತೆ ಬಂತು. ಬಹ್ರೇನ್ 2019ರ ಜನವರಿಯಲ್ಲಿ ಶೇ. 5 ತಂದು 2022ರ ಜನವರಿಯಲ್ಲಿ ಶೇ. 10 ಮಾಡಿತು. ಒಮಾನ್ 2021ರ ಏಪ್ರಿಲ್ 16ರಿಂದ ಶೇ. 5. ಕೋವಿಡ್ ಕಾಲದಲ್ಲಿ ಎಣ್ಣೆ ಆದಾಯ ಕುಸಿದಾಗ ಸೌದಿ 2020ರ ಜುಲೈ 1ರಿಂದ ಶೇ. 15ಕ್ಕೆ ಏರಿಸಿತು. ಕುವೈತ್ ಮತ್ತು ಕತಾರ್ ಈ ತೆರಿಗೆಯ ಗೋಜಿಗೇ ಹೋಗದೆ ಉಳಿದವು.

ತೆರಿಗೆ ಶೇ. 5ರಿಂದ 15 ಆದರೆ ಬೆಲೆ ಶೇ. 10 ಏರುತ್ತದೆ ಎನ್ನುವುದು ಸಾಮಾನ್ಯ ತಪ್ಪು. ನೂರು ರಿಯಾಲಿನ ವಸ್ತು 105 ಇದ್ದದ್ದು 115 ಆಗುತ್ತದೆ. 115 ಭಾಗಿಸು 105: ಏರಿಕೆ ಶೇ. 9.5. ಅದೂ ತೆರಿಗೆ ತಗಲುವ ವಸ್ತುಗಳಿಗೆ ಮಾತ್ರ. ಮನೆ ಬಾಡಿಗೆಗೆ ಈ ತೆರಿಗೆ ಇಲ್ಲ. ಹಾಗಾಗಿ ಸೌದಿಯ ಹಣದುಬ್ಬರ 2020ರ ಜೂನ್‌ನಲ್ಲಿ ಶೇ. 0.5 ಇದ್ದದ್ದು ಜುಲೈನಲ್ಲಿ ಶೇ. 6.1ಕ್ಕೆ ಹಾರಿತು.

ಮುಂದೆ ಆದದ್ದು ಇನ್ನೂ ಮುಖ್ಯ. ಹನ್ನೆರಡು ತಿಂಗಳು ಆ ದರ ಎತ್ತರದಲ್ಲೇ ಇತ್ತು. 2021ರ ಜೂನ್‌ನಲ್ಲಿ ಶೇ. 6.2. ಜುಲೈನಲ್ಲಿ ಶೇ. 0.4! ಒಂದು ತಿಂಗಳಲ್ಲಿ ಅಂಗಡಿಗಳಲ್ಲಿ ಬೆಲೆ ಇಳಿಯಿತೇ? ಇಲ್ಲ. ಹೋಲಿಸುವ ಹಿಂದಿನ ವರ್ಷದ ತಿಂಗಳಲ್ಲೂ ಶೇ. 15 ತೆರಿಗೆ ಸೇರಿಕೊಂಡಿತು, ಅಷ್ಟೇ. 2021ರ ಆಗಸ್ಟ್‌ನಲ್ಲಿ ‘ಸೌದಿಯಲ್ಲಿ ಹಣದುಬ್ಬರ ಇಳಿದಿದೆ’ ಎಂಬ ಸುದ್ದಿ ನೋಡಿ ಖುಷಿಪಟ್ಟವರ ಬಿಲ್ಲಿನಲ್ಲಿ ಒಂದು ಹಲಾಲವೂ (ರಿಯಾಲಿನ ನೂರನೇ ಒಂದು ಭಾಗ) ಕಡಿಮೆಯಾಗಿರಲಿಲ್ಲ. ಯಾವ ದೇಶದ ದರವಾದರೂ ಒಂದೇ ತಿಂಗಳಲ್ಲಿ ಎರಡು ಶೇಕಡಾ ಅಂಶಕ್ಕಿಂತ ಹೆಚ್ಚು ಕುಸಿದರೆ ಸರಿಯಾಗಿ ಹನ್ನೆರಡು ತಿಂಗಳ ಹಿಂದೆ ತೆರಿಗೆಯೋ ಇಂಧನ ಬೆಲೆಯೋ ಏರಿತ್ತೇ ಎಂದು ಹಿಂತಿರುಗಿ ನೋಡಿ.

ತೆರಿಗೆಯ ವಿನಾಯಿತಿಗಳೂ ಒಂದೇ ತೆರ ಇಲ್ಲ. ಬಹ್ರೇನಿನಲ್ಲಿ ಮೂಲ ಆಹಾರ ಪದಾರ್ಥಗಳಿಗೆ ಸೊನ್ನೆ ದರ. ಯುಎಇಯಲ್ಲಿ ಅಕ್ಕಿಗೂ ಶೇ. 5, ಸೌದಿಯಲ್ಲಿ ಶೇ. 15. ಸೌದಿಯಲ್ಲಿ ಖಾಸಗಿ ಶಾಲೆಯ ಶುಲ್ಕದ ತೆರಿಗೆಯನ್ನು ಅಲ್ಲಿನ ನಾಗರಿಕರ ಪರವಾಗಿ ಸರ್ಕಾರವೇ ಭರಿಸುತ್ತದೆ, ವಿದೇಶಿಯರು ತಾವೇ ಕೊಡಬೇಕು. ಶಾಲೆ ಹೇಳಿದ ಶುಲ್ಕದಲ್ಲಿ ತೆರಿಗೆ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಹಂತ 6: ಪೆಟ್ರೋಲ್ ಮತ್ತು ಸಬ್ಸಿಡಿ

ಎಣ್ಣೆ ತೆಗೆಯುವ ದೇಶದಲ್ಲಿ ಎಣ್ಣೆ ದುಬಾರಿಯಾಗುವುದು ವಿಚಿತ್ರ ಅನಿಸಬಹುದು. 2014ರ ನಡುವೆ ಬ್ಯಾರಲ್ಲಿಗೆ 110 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿದ್ದಾಗ ಸರ್ಕಾರಗಳು ಸಬ್ಸಿಡಿ ಕಡಿಯತೊಡಗಿದವು. ಯುಎಇ 2015ರ ಆಗಸ್ಟ್‌ನಿಂದ ಪೆಟ್ರೋಲ್ ಬೆಲೆಯನ್ನು ಅಂತರರಾಷ್ಟ್ರೀಯ ಮಾರುಕಟ್ಟೆಗೆ ಬಿಟ್ಟು ಪ್ರತಿ ತಿಂಗಳು ಹೊಸ ದರ ಪ್ರಕಟಿಸುತ್ತಿದೆ. ಸೌದಿ ಹಂತಹಂತವಾಗಿ ಏರಿಸಿ, 2021ರ ಜುಲೈನಲ್ಲಿ ಆಗಿನ ದರಕ್ಕೇ ಮಿತಿ ಹಾಕಿತು: 91 ಆಕ್ಟೇನಿನ ಪೆಟ್ರೋಲ್ ಲೀಟರಿಗೆ 2.18 ರಿಯಾಲ್, 95ರದ್ದು 2.33. ಒಮಾನ್ ಕೂಡ 2021ರ ಅಕ್ಟೋಬರ್ ಸರಾಸರಿಯನ್ನು ಮಿತಿಯಾಗಿಸಿತು.

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಈ ಎರಡು ನೀತಿಗಳ ಅಂತರ ಪಂಪಿನಲ್ಲೇ ಕಂಡಿತು. ಯುಎಇಯಲ್ಲಿ ಸೂಪರ್ 98 ಪೆಟ್ರೋಲ್ ಜನವರಿಯಲ್ಲಿ ಲೀಟರಿಗೆ 2.65 ದಿರ್ಹಮ್ ಇದ್ದದ್ದು ಜುಲೈನಲ್ಲಿ 4.63. 50 ಲೀಟರ್ ತುಂಬಿಸಲು 132.50 ಆಗುತ್ತಿದ್ದದ್ದು 231.50 ಆಯಿತು. ಗಡಿಯಾಚೆ ಸೌದಿಯಲ್ಲಿ 91ರ ಪೆಟ್ರೋಲ್ 50 ಲೀಟರಿಗೆ ಜನವರಿಯಲ್ಲೂ 109 ರಿಯಾಲ್, ಜುಲೈನಲ್ಲೂ 109. ಆ ವರ್ಷ ಯುಎಇ ಹಣದುಬ್ಬರ ಶೇ. 4.8, ಸೌದಿಯದು ಶೇ. 2.5 ಆಗಿದ್ದರಲ್ಲಿ ಪೆಟ್ರೋಲಿನ ಪಾಲು ದೊಡ್ಡದು. ಮರುವರ್ಷ ಕಚ್ಚಾ ಎಣ್ಣೆ ಇಳಿದಾಗ ಯುಎಇಯ ಹಣದುಬ್ಬರವೂ ಸೌದಿಯದಕ್ಕಿಂತ ಕೆಳಗೆ ಇಳಿಯಿತು. ಮಾರುಕಟ್ಟೆಗೆ ಬಿಟ್ಟ ದೇಶದಲ್ಲಿ ಎರಡೂ ಕಡೆಗೆ ತೂಗಾಟ, ಮಿತಿ ಹಾಕಿದಲ್ಲಿ ಸ್ಥಿರತೆ. ಮಿತಿ ತೆಗೆದ ದಿನ ಮಾತ್ರ ಒಮ್ಮೆಲೇ ಜಿಗಿತ.

ಸಬ್ಸಿಡಿ ಯಾರಿಗೆ ಎಂಬುದನ್ನೂ ಕೇಳಲೇಬೇಕು. ಬಹ್ರೇನ್ 2015ರ ಅಕ್ಟೋಬರ್‌ನಲ್ಲಿ ಮಾಂಸದ ಸಬ್ಸಿಡಿ ತೆಗೆದಾಗ ಪರಿಹಾರದ ಹಣ ಸಿಕ್ಕಿದ್ದು ನಾಗರಿಕರಿಗೆ. ಕುವೈತಿನ ಪಡಿತರವೂ ನಾಗರಿಕರದು. ಹೊರಗಿನಿಂದ ಹೋಗಿ ದುಡಿಯುವವರಿಗೆ ಬೆಲೆ ಏರಿಕೆ ಪೂರ್ತಿ ತಟ್ಟುತ್ತದೆ, ಪರಿಹಾರ ತಲುಪುವುದಿಲ್ಲ. ಇದು ನೋವಿನ ಸಂಗತಿ, ಲೆಕ್ಕ ಹಾಕುವಾಗ ಮರೆಯಬಾರದ ಸಂಗತಿ.

ಹಂತ 7: ಅಡುಗೆಮನೆಯ ಪಟ್ಟಿ

ಇಲ್ಲಿ ಆ ದೇಶಗಳ ನೀತಿಗಿಂತ ದೆಹಲಿಯ ನೀತಿ ಹೆಚ್ಚು ಕೆಲಸ ಮಾಡುತ್ತದೆ. ಭಾರತ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟ್ 25ರಂದು ಕುಚ್ಚಲಕ್ಕಿಗೆ ಶೇ. 20 ರಫ್ತು ಸುಂಕ ಹಾಕಿತು, ಡಿಸೆಂಬರಿನಲ್ಲಿ ಈರುಳ್ಳಿ ರಫ್ತನ್ನೂ ತಡೆಯಿತು. ಯುಎಇ ಜುಲೈ 28ರಿಂದ ನಾಲ್ಕು ತಿಂಗಳು ಅಕ್ಕಿಯನ್ನು ಹೊರದೇಶಗಳಿಗೆ ಮರುರಫ್ತು ಮಾಡದಂತೆ ತಡೆದದ್ದು ಒಳಗಿನ ದಾಸ್ತಾನು ಉಳಿಸಿಕೊಳ್ಳಲು. ಕುಚ್ಚಲಕ್ಕಿಯ ಸುಂಕ ಪೂರ್ತಿ ಹೋದದ್ದು 2024ರ ಅಕ್ಟೋಬರಿನಲ್ಲಿ. ಆ ದೇಶಗಳ ಸೂಚ್ಯಂಕದಲ್ಲಿ ಕುಚ್ಚಲಕ್ಕಿಯ ಪಾಲು ತೃಣಮಾತ್ರ. ಕರಾವಳಿಯವರ ಮನೆಯಲ್ಲಿ ಹಾಗಲ್ಲ. ತಿಂಗಳಿಗೆ 20 ಕೆ.ಜಿ. ಬೇಯುವ ಮನೆಯವರು ಅಕ್ಕಿ, ತೆಂಗಿನಕಾಯಿ, ಈರುಳ್ಳಿ, ಬೇಳೆಯ ಸ್ವಂತ ಬೆಲೆಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಬರೆದಿಡುವುದು ಯಾವ ಸರ್ಕಾರಿ ಅಂಕಿಗಿಂತಲೂ ಉಪಯುಕ್ತ.

ಹಂತ 8: ನಿಮ್ಮದೇ ಹಣದುಬ್ಬರ

ಈಗ ಎಲ್ಲವನ್ನೂ ಒಟ್ಟು ಮಾಡಿ. ದುಬೈನಲ್ಲಿ ತಿಂಗಳಿಗೆ 8,000 ದಿರ್ಹಮ್ ಖರ್ಚಿನ ಒಂದು ಕುಟುಂಬವನ್ನು ಊಹಿಸಿಕೊಳ್ಳಿ: ಬಾಡಿಗೆ 3,600, ಶಾಲೆ 1,200, ಆಹಾರ 1,600, ಪೆಟ್ರೋಲ್ ಮತ್ತು ಓಡಾಟ 600, ಉಳಿದದ್ದು 1,000. ನವೀಕರಣದಲ್ಲಿ ಬಾಡಿಗೆ ಶೇ. 15, ಶಾಲೆ ಶೇ. 4, ಆಹಾರ ಶೇ. 3 ಏರಿತು, ಪೆಟ್ರೋಲ್ ಶೇ. 5 ಇಳಿಯಿತು, ಉಳಿದದ್ದು ಶೇ. 2 ಏರಿತು ಎನ್ನಿ. ಹೆಚ್ಚಾದದ್ದು 540, 48, 48, ಕಳೆಯುವುದು 30, ಕೂಡುವುದು 20. ಒಟ್ಟು 626 ದಿರ್ಹಮ್, ಅಂದರೆ ಶೇ. 7.8. ಅದೇ ಊರಿನಲ್ಲಿ ಕಂಪನಿಯ ಕೋಣೆಯಲ್ಲಿರುವ ಒಬ್ಬಂಟಿಯ ಖರ್ಚು 1,200: ಊಟ 700, ಫೋನ್ 200, ಬಸ್ಸು 150, ಇತರ 150. ಫೋನ್ ಖರ್ಚು ಹಾಗೇ ಉಳಿಯಿತು ಎನ್ನಿ. ಆಹಾರದ ಅದೇ ದರದಲ್ಲಿ ಊಟಕ್ಕೆ 21, ಬಸ್ಸು ಮತ್ತು ಇತರ ಖರ್ಚು ಶೇ. 2ರಂತೆ 6, ಒಟ್ಟು 27 ದಿರ್ಹಮ್, ಶೇ. 2.25. ಒಂದೇ ಊರು, ಒಂದೇ ವರ್ಷ. ಸಂಬಳ ಹೆಚ್ಚಿಸಲು ಕೇಳುವಾಗ ಈ ನಿಮ್ಮ ಲೆಕ್ಕವನ್ನು, ಬಾಡಿಗೆ ಕರಾರಿನ ಪ್ರತಿಯೊಂದಿಗೆ, ಮುಂದಿಡಿ.

ಎರಡು ದೇಶದ ಕೆಲಸಗಳನ್ನು ಹೋಲಿಸುವಾಗ ಮೊದಲು ನಾಣ್ಯವನ್ನು ಒಂದೇ ಮಾಡಿಕೊಳ್ಳಿ. ಒಂದು ರಿಯಾಲ್ ಎಂದರೆ 3.6725 ಭಾಗಿಸು 3.75, ಅಂದರೆ 0.979 ದಿರ್ಹಮ್. ದುಬೈನಲ್ಲಿ 12,000 ದಿರ್ಹಮ್, ರಿಯಾದ್‌ನಲ್ಲಿ 13,000 ರಿಯಾಲ್ ಎಂದರೆ ರಿಯಾದ್ ಸುಮಾರು 12,730 ದಿರ್ಹಮ್, ಮೇಲ್ನೋಟಕ್ಕೆ ಲಾಭ. ಮೂವರು ಅವಲಂಬಿತರ 1,200 ರಿಯಾಲ್ ಕಳೆದರೆ ಉಳಿಯುವುದು 11,800, ಸುಮಾರು 11,560 ದಿರ್ಹಮ್. ತೆರಿಗೆ ತಗಲುವ ಖರ್ಚು ತಿಂಗಳಿಗೆ 4,000 ಇದ್ದರೆ ರಿಯಾದ್‌ನಲ್ಲಿ ತೆರಿಗೆ 600, ದುಬೈನಲ್ಲಿ 200. ಇಷ್ಟಾದ ಮೇಲೆ ಎರಡೂ ಕಡೆಯ ಬಾಡಿಗೆ ಮತ್ತು ಶಾಲೆಯ ಅಂಕಿಗಳನ್ನು ತುಂಬಿ. ಕುಟುಂಬದ ಶುಲ್ಕವನ್ನು ಕಂಪನಿ ಕಟ್ಟುತ್ತದೆಯೇ, ಮನೆ ಕೊಡುತ್ತದೆಯೇ ಎಂಬ ಎರಡು ಉತ್ತರಗಳು ಇಡೀ ಲೆಕ್ಕವನ್ನು ತಿರುಗಿಸಬಲ್ಲವು. ಅವು ಕರಾರಿನಲ್ಲಿ ಬರೆದಿರಲಿ.

ಹಂತ 9: ಊರಿಗೆ ಕಳಿಸುವ ಹಣ

ಕಳಿಸುವ ಹಣಕ್ಕೆ ಗಲ್ಫ್‌ನ ಹಣದುಬ್ಬರ ತಟ್ಟುವುದಿಲ್ಲ, ಭಾರತದ್ದು ತಟ್ಟುತ್ತದೆ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 74.5 ರೂಪಾಯಿ, 2023ರ ಕೊನೆಗೆ 83ರ ಆಚೀಚೆ. 3.6725ರಿಂದ ಭಾಗಿಸಿದರೆ ದಿರ್ಹಮ್ ಸುಮಾರು 20.3ರಿಂದ 22.6 ರೂಪಾಯಿಗೆ ಬಂತು, ಶೇ. 11ಕ್ಕಿಂತ ಹೆಚ್ಚು. ಅದೇ ಎರಡು ವರ್ಷಗಳಲ್ಲಿ ಭಾರತದಲ್ಲಿ ಬೆಲೆಗಳು ಏರಿದ್ದು ಸುಮಾರು ಶೇ. 12. ಅಂದರೆ 1,000 ದಿರ್ಹಮ್ ಕಳಿಸಿದವರ ಮನೆಗೆ ರೂಪಾಯಿ ಜಾಸ್ತಿ ಬಂತು, ಕೊಂಡ ಸಾಮಾನು ಹೆಚ್ಚುಕಡಿಮೆ ಅಷ್ಟೇ. ಡಾಲರಿಗೆ ಕಟ್ಟಿದ ಐದು ನಾಣ್ಯಗಳಿಗೂ ಈ ಲೆಕ್ಕ ಒಂದೇ. ಕುವೈತಿನಲ್ಲಿರುವವರು ಮಾತ್ರ ದಿನಾರಿನ ದರವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಈ ಇಡೀ ಲೆಕ್ಕವನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ದುಬೈನಲ್ಲಿರುವವರಿಗೆ ತಕ್ಕ ಸಮಯ ಬಾಡಿಗೆ ಕರಾರು ಮುಗಿಯುವ ನಾಲ್ಕು ತಿಂಗಳ ಮುಂಚೆ: 90 ದಿನದ ನೋಟಿಸು ಬರುವ ಹೊತ್ತಿಗೆ ನಿಮ್ಮ ಪ್ರದೇಶದ ಬಾಡಿಗೆ ಸೂಚ್ಯಂಕವನ್ನು ನೀವು ಆಗಲೇ ನೋಡಿರುತ್ತೀರಿ. ಸೌದಿಯಲ್ಲಿರುವವರಿಗೆ ಇಕಾಮಾ ನವೀಕರಣದ ಎರಡು ತಿಂಗಳ ಮುಂಚೆ.